ಹಸಿರು ಗಾಡಿಗೆ ತೆಗೆದ ಖೋಡಿ

ಜಹೀರಾಬಾದ್

ನಾನು ಇಂಗ್ಲೆಂಡಿಗೆ ಹೋಗಿಬಂದೆನೆಂದು ಗೊತ್ತಾದ ಮೇಲೆ ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಅರಮನೆ ನೋಡಿದಿರಾ, ಗಡಿಯಾರದ ಗೋಪುರ ನೋಡಿದಿರಾ. ನಾನು ನೋಡಿದ್ದು ಒಂದು ಕಾರ್ ಶೆಡ್ಡು, ಒಂದು ಬಾಡಿಗೆ ಕೋಣೆ, ಮಿಕ್ಕಂತೆ ಮಳೆ. ಇಷ್ಟಕ್ಕಾಗಿ ಅಷ್ಟು ದೂರ ಹೋಗಬೇಕಿತ್ತೇ ಎಂದು ಅವರ ಮುಖವೇ ಕೇಳುತ್ತದೆ. ನನ್ನ ಮಟ್ಟಿಗೆ ಬೇಕಿರಲಿಲ್ಲ. ಆದರೆ ಹೋಗಬೇಕೆಂದವರು ನಮ್ಮ ಭಾವ, ಅಕ್ಕನ ಗಂಡ. ನಮ್ಮ ಮನೆಯಲ್ಲಿ ಅವರಿಗೆ ಇಲ್ಲ ಎಂದವರು ಯಾರೂ ಇಲ್ಲ.

ಭಾವ ಶಿವಶರಣಪ್ಪ ಹುಟ್ಟಿದ್ದು ನಾರಾಯಣಖೇಡದಲ್ಲಿ, ಎತ್ತಿನ ದಲಾಲರ ಮನೆಯಲ್ಲಿ. ಅಪ್ಪನ ಹಿಂದೆ ಸಂತೆ ಸಂತೆ ತಿರುಗಿ ಬೆಳೆದವರು. ಆಮೇಲೆ ತಾಂಡೂರಿಗೆ ಬಂದು ಕಲ್ಲು ಪಾಲಿಶ್ ಮಾಡುವ ಮಷೀನು ಹಾಕಿದರು. ಕಲ್ಲು ಅವರಿಗೆ ಮನೆ ಕೊಟ್ಟಿತು, ಊರಲ್ಲಿ ಹೆಸರು ಕೊಟ್ಟಿತು, ಮತ್ತು ತನ್ನ ಧೂಳನ್ನೆಲ್ಲ ಅವರ ಎದೆಯೊಳಗೆ ತುಂಬಿತು. ಹೈದರಾಬಾದಿನ ಡಾಕ್ಟರು ಮುಂದಿನ ಬೇಸಿಗೆ ಕಾಣುವುದು ಕಷ್ಟ ಎಂದು ಹೇಳುವಾಗ ಕೋಣೆಯಲ್ಲಿ ಇದ್ದದ್ದು ಭಾವ ಮತ್ತು ನಾನು. ಹೊರಗೆ ಬಂದ ಮೇಲೆ ಭಾವ ನನ್ನ ಮುಂಗೈ ಹಿಡಿದುಕೊಂಡರು.

“ನಿಮ್ಮಕ್ಕಗ ದಮ್ಮು ಅಂತ ಹೇಳೀನಿ. ದಮ್ಮೇ ಇರ್ಲಿ,” ಎಂದರು. ನಾನು ತಲೆಯಾಡಿಸಿದೆ.

ಆ ವಾರವೇ ಕಾರಿನ ಮಾತು ಶುರುವಾಯಿತು. ಭಾವನ ಸಣ್ಣ ವಯಸ್ಸಿನಲ್ಲಿ ಯಾರೋ ದೊಡ್ಡ ಮನೆತನದವರ ಕಾರು, ಎರಡೇ ಸೀಟಿನ, ಮೇಲೆ ಮುಚ್ಚಳವಿಲ್ಲದ ಓಟದ ಕಾರು, ಮಂಜೀರಾ ನದಿಯ ಉಸುಕಿನಲ್ಲಿ ಹೂತು ಕುಳಿತಿತ್ತಂತೆ. ಅವರಪ್ಪ ಎತ್ತು ಕಟ್ಟಿ ಅದನ್ನು ಎಳೆಸಿದರು. ಕಾರಿನವರು ಖುಷಿಯಾಗಿ ಹುಡುಗನನ್ನು ಬಾಜೂಕೆ ಕೂರಿಸಿಕೊಂಡು ಊರ ತನಕ ಬಿಟ್ಟರು. ಇಷ್ಟೇ ಕಥೆ. ಮದುವೆಯಾದ ಹೊಸದರಲ್ಲಿ ಅಕ್ಕನಿಗೆ ಇದನ್ನು ಹೇಳಿದ್ದರು, ಮಕ್ಕಳಾದ ಮೇಲೆ ಮಕ್ಕಳಿಗೆ ಹೇಳಿದ್ದರು. ನಾವೆಲ್ಲ ಅದನ್ನು ಕೇಳಿ ಕೇಳಿ ನಗುವುದನ್ನೂ ಬಿಟ್ಟಿದ್ದೆವು.

“ಅಂಥದೇ ಗಾಡಿ ತರ್ತೀನಿ. ನಿಮ್ಮಕ್ಕನ್ನ ಬಾಜೂಕ ಕೂಡಿಸ್ಕೊಂಡು ತಾಂಡೂರಿಂದ ನಾರಾಯಣಖೇಡಕ್ಕ ಒಮ್ಮೆ ಹೋಗಬೇಕು. ಅಷ್ಟ ನೋಡು.”

ಹೊರದೇಶದ ಹಳೆಯ ಕಾರನ್ನು ನಮ್ಮ ಸರಕಾರ ಸುಮ್ಮನೆ ಒಳಗೆ ಬಿಡುವುದಿಲ್ಲ. ಆದರೆ ತೀರಾ ಮುದಿಯಾಗಿದ್ದರೆ, ಸ್ವಾತಂತ್ರ್ಯದ ಆಸುಪಾಸಿನದೋ ಅದಕ್ಕೂ ಹಿಂದಿನದೋ ಆಗಿದ್ದರೆ, ಪಾಪ ಅಂತ ಬಿಡುತ್ತದೆ. ಮುಂಬಯಿಯ ಒಬ್ಬ ಏಜೆಂಟರು ಇದನ್ನೆಲ್ಲ ತಿಳಿಸಿ, ಇಂಗ್ಲೆಂಡಿನ ಮೂಡಣ ತೀರದ ಹಳ್ಳಿಯೊಂದರಲ್ಲಿ ಒಬ್ಬ ಮುದುಕರ ಹತ್ತಿರ ಹಸಿರು ಕಾರೊಂದಿದೆ, ಹಡಗಿಗೆ ಏರಿಸುವ ಕೆಲಸ ನನ್ನದು, ನೋಡಿ ಒಪ್ಪುವ ಕೆಲಸ ನಿಮ್ಮದು ಎಂದರು. ಡಾಕ್ಟರು ಪ್ರಯಾಣ ಬೇಡವೆಂದರು. ಭಾವ ಡಾಕ್ಟರನ್ನು ಬದಲಿಸಿದರು. ನಾನು ಇಂಗ್ಲಿಷ್ ಮಾಸ್ತರನಾದ್ದರಿಂದ ದುಭಾಷಿಯ ಕೆಲಸ ನನ್ನ ಕೊರಳಿಗೆ ಬಿತ್ತು.

ಹೊರಡುವ ದಿನ ಭಾವ ಅಕ್ಕನನ್ನು ನಮ್ಮ ಮನೆಯಲ್ಲಿ ಬಿಡಲೆಂದು ಜಹೀರಾಬಾದಿಗೆ ಬಂದರು. ತೆಲಂಗಾಣ ಬೇಕೆಂಬ ಚಳವಳಿ ಕಾವೇರಿದ್ದ ಕಾಲ. ನಾವು ಹೆದ್ದಾರಿಗೆ ಬಂದು ನೋಡಿದರೆ ನಡುರಸ್ತೆಯಲ್ಲಿ ಚಳವಳಿಯವರು ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಟ್ರಕ್ಕುಗಳು ಕಣ್ಣು ಹಾಯುವಷ್ಟು ದೂರ ನಿಂತಿದ್ದವು. ಸೌಟು ಹಿಡಿದು ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಹಾರ್ಡ್‌ವೇರ್ ಅಂಗಡಿಯವನು.

“ವಿಮಾನ ತಪ್ತದಪ್ಪಾ, ಬಿಡು,” ಎಂದೆ.

“ಮೊದಲ ಉಣ್ರಿ ಸರ್. ಊಟ ಬಿಟ್ಟು ಹೋಗ್ಬ್ಯಾಡ್ರಿ. ಗಾಡಿ ಮಾತ್ರ ಬಿಡಾಕ ಬರಂಗಿಲ್ಲ,” ಎಂದ. ಎಲ್ಲಿಗೆ, ಯಾಕೆ ಎಂದು ಕೇಳಿ ತಿಳಿದ ಮೇಲೆ ಭಾವನ ಕಡೆ ತಿರುಗಿ, “ಆ ಗಾಡಿಗಿ ತೆಲಂಗಾಣದ ಟೀಜಿ ನಂಬರ್ ಬರಸ್ರಿ ಯಜಮಾನ್ರ, ಆಂಧ್ರದ ಏಪಿ ಬರಸಬ್ಯಾಡ್ರಿ,” ಎಂದ.

ಭಾವ ಡಾಂಬರಿನ ಮೇಲೆ ಕುಳಿತು ಅನ್ನ ಸಾರು ಉಂಡರು. ಆಮೇಲೆ ನಾವು ಹಿಂದಿರುಗಿ ಮೋಮಿನ್‌ಪೇಟೆ, ವಿಕಾರಾಬಾದಿನ ಮೇಲೆ ಸುತ್ತಿ ಹೈದರಾಬಾದಿಗೆ ಹೋದೆವು. ತಾಂಡೂರಿನಿಂದ ನೇರ ಹೊರಟಿದ್ದರೆ ಅದೇ ದಾರಿ. ಅರ್ಧ ದಿನ ತಿರುಗಿ ಅವರ ಮನೆಯ ಕಡೆಗೇ ಬಂದಿದ್ದೆವು. ಭಾವ ಇದಕ್ಕೂ ನನ್ನನ್ನೇ ಬೈದರು.

ಲಂಡನ್

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನಮ್ಮ ಚೀಲ ಬಿಚ್ಚಿಸಿ ಖಡಕ್ ರೊಟ್ಟಿಯ ಗಂಟು ಹೊರತೆಗೆದ. ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದು ನೋಡಿದ. ಅದು ಟಕಟಕ ಎಂದಿತು. ಇದೇನೆಂದು ಕೇಳಿದ. ಬ್ರೆಡ್ ಎಂದೆ. ಅವನು ಇನ್ನೊಮ್ಮೆ ಬಡಿದ. ಬದುಕಿಡೀ ಹುಡುಗರಿಗೆ ಇಂಗ್ಲಿಷ್ ಕಲಿಸಿದ ನನಗೆ ಜೋಳದ ರೊಟ್ಟಿಯನ್ನು ವಿವರಿಸುವಷ್ಟು ಇಂಗ್ಲಿಷ್ ಅಲ್ಲಿ ಒದಗಲಿಲ್ಲ. ಅವನು ಹೇಳಿದ್ದೂ ಅರ್ಧ ತಿಳಿಯಲಿಲ್ಲ. ಕೊನೆಗೆ ಭಾವ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ಕರಕರ ಅಗಿದು ತೋರಿಸಿದರು. ಅವನು ನಕ್ಕು ಗಂಟು ಕಟ್ಟಿಕೊಟ್ಟ.

ನವೆಂಬರ್ ತಿಂಗಳು. ಮಧ್ಯಾಹ್ನ ಚಹಾ ಕುಡಿಯುವ ಹೊತ್ತಿಗೆ ಅಲ್ಲಿ ಕತ್ತಲಾಗುತ್ತದೆ. ಆ ಚಳಿಗಾಳಿ ಭಾವನ ಎದೆಗೆ ಹೋದದ್ದೇ ಕೆಮ್ಮು ಹತ್ತಿತು. ರೈಲು ಹಿಡಿಯಲು ಮೆಟ್ಟಿಲಿಳಿದು ಮೆಟ್ಟಿಲೇರಬೇಕು. ಭಾವ ನಡುವೆ ನಿಂತು ಕಂಬಿ ಹಿಡಿದು, ಗೋಡೆಯ ಜಾಹೀರಾತು ಓದುವವರ ಹಾಗೆ ನಟಿಸುತ್ತಿದ್ದರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲೂ ಬಾರದವರು ಅಷ್ಟು ಹೊತ್ತು ಏನು ಓದುತ್ತಾರೆ. ನಾನು ಬಾಜೂಕೆ ನಿಂತು ನನಗೂ ಓದಬೇಕಿದೆ ಎಂಬಂತೆ ಇದ್ದೆ.

ಅಲ್ಲಿನ ಮಂದಿ ಮಾತು ಮಾತಿಗೆ ಸಾರಿ ಎನ್ನುತ್ತಾರೆ. ಕೆಮ್ಮಿನ ರಭಸಕ್ಕೆ ಭಾವ ಒಬ್ಬರ ಮೇಲೆ ವಾಲಿ ಅವರ ಕಾಲು ತುಳಿದರು. ತುಳಿಸಿಕೊಂಡವರೇ ಸಾರಿ ಹೇಳಿ ಜಾಗ ಬಿಟ್ಟರು.

“ತಪ್ಪು ನಂದು, ಸಾರಿ ಅವ್ರುದು,” ಎಂದರು ಭಾವ. “ಹಿಂಗಿದ್ರ ಈ ಮಂದಿ ಸಂತ್ಯಾಗ ಹ್ಯಾಂಗ ಮಾಡ್ತಾರೋ ಏನೋ.”

ಸಮುದ್ರದ ಕಡೆಯ ಹಳ್ಳಿ

ನಾವಿಳಿದ ಸೀಮೆ ನಮ್ಮ ಕಂಗ್ಟಿಯ ಕಡೆಯ ಹೊಲಗಳ ಹಾಗೆ ಬಯಲೋ ಬಯಲು. ಆದರೆ ಆ ಹೊಲಗಳಲ್ಲಿ ಒಬ್ಬನೂ ಕಾಣಲಿಲ್ಲ. ನಮ್ಮಲ್ಲಿ ತೊಗರಿ ಹೊಲದಲ್ಲಿ ಯಾರೂ ಇಲ್ಲ ಅಂದುಕೊಂಡು ಹೋದರೂ ಒಬ್ಬ ಕುರಿ ಕಾಯುವವನು ಎದ್ದು, ಎಲ್ಲಿಂದ ಬಂದ್ರಿ, ಯಾರ ಪೈಕಿ ಎಂದು ಕೇಳುತ್ತಾನೆ. ಇಲ್ಲಿ ಬಸ್ ನಿಲ್ದಾಣದಿಂದ ಬಾಡಿಗೆ ಕೋಣೆಯ ತನಕ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಭಾವನಿಗೆ ಅದು ಅವಮಾನದಂತೆ ತೋರಿತು.

ಕೋಣೆ ಕೊಟ್ಟ ಹೆಂಗಸು ಒಳ್ಳೆಯವಳು, ಆದರೆ ಮನೆ ತುಂಬ ಚೀಟಿ ಅಂಟಿಸಿದ್ದಳು. ಬಾಗಿಲು ಮೆಲ್ಲಗೆ ಮುಚ್ಚಿ, ಬಿಸಿನೀರು ಹೀಗೆ ಬಿಡಿ, ಕಿಟಕಿ ತೆರೆಯಬೇಡಿ. ಬಾಯಿಂದ ಹೇಳುವುದನ್ನು ಗೋಡೆಯಿಂದ ಹೇಳಿಸುತ್ತಾಳೆ ಎಂದರು ಭಾವ. ಅವರ ಕೆಮ್ಮು ಕೇಳಿ ಅವಳು ಬೆಳಿಗ್ಗೆ ಜೇನು, ನಿಂಬೆಹಣ್ಣು ತಂದಿಟ್ಟಳು, ಕೇಳದೆಯೇ. ಇದಕ್ಕೆ ಮಾತ್ರ ಚೀಟಿ ಇರಲಿಲ್ಲ.

ಕಾರಿನ ಯಜಮಾನರ ಹೆಸರು ಆರ್ಥರ್. ಎಪ್ಪತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದರು, ಒಬ್ಬರೇ ಇದ್ದರು. ಕಣ್ಣು ಮಂದವಾಗಿ ಗಾಡಿ ಓಡಿಸುವ ಲೈಸೆನ್ಸನ್ನು ತಾವಾಗಿಯೇ ಹಿಂದಕ್ಕೆ ಕೊಟ್ಟುಬಿಟ್ಟಿದ್ದರು. ಅದಕ್ಕೇ ಮಾರಾಟ. ಕೈ ಕುಲುಕುವಾಗ ನಮ್ಮ ಮುಖದ ತೀರ ಹತ್ತಿರ ಬಂದು ನೋಡಿದರು. ಕಾರು ಯಾಕೆಂದು ಕೇಳಿದರು. ಭಾವ ಹೆಂಡತಿಯನ್ನು ಕೂರಿಸಿಕೊಂಡು ಊರಿಗೆ ಹೋಗಬೇಕಂತೆ ಎಂದೆ. ನಕ್ಕು ಶೆಡ್ಡಿನ ಬಾಗಿಲು ತೆರೆದರು.

ಹಸಿರು ಕಾರು ನಿಂತಿತ್ತು. ನನಗೆ ಕಾರಿನ ಬಗ್ಗೆ ಏನೂ ತಿಳಿಯದು, ಆದರೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿದೆ. ಉದ್ದ ಮೂತಿ, ಮುಂದೆ ದುಂಡನೆಯ ದೀಪಗಳು, ಬಾಗಿದ ಮಡ್‌ಗಾರ್ಡು. ಈ ಎಂಜಿನ್ನನ್ನು ಚಳಿಗಾಲ ಚಳಿಗಾಲ ಕುಳಿತು ನಾನೇ ಕಟ್ಟಿದ್ದು, ಹೆಂಡತಿ ದೀಪ ಹಿಡಿಯುತ್ತಿದ್ದಳು ಎಂದರು ಆರ್ಥರ್. ನಾನು ಭಾವನ ಕಡೆ ನೋಡಿದೆ. ಅವರ ಮುಖದಲ್ಲಿ ಏನೂ ಇರಲಿಲ್ಲ. ಸಂತೆಯಲ್ಲಿ ಮೆಚ್ಚಿದ ಎತ್ತಿನ ಮುಂದೆ ನಿಂತಾಗ ಅವರಪ್ಪನ ಮುಖವೂ ಹೀಗೇ ಇರುತ್ತಿತ್ತೆಂದು ಅಕ್ಕ ಹೇಳುತ್ತಿದ್ದಳು.

ಇಲ್ಲಿ ನಮ್ಮ ಕಡೆಯ ಪದ್ಧತಿ ಹೇಳಬೇಕು. ಎತ್ತು ಕೊಳ್ಳುವವನು ಮೊದಲು ಖೋಡಿ ತೆಗೆಯಬೇಕು. ಖೋಡಿ ಅಂದರೆ ಕುಂದು, ದೋಷ. ಕಾಲು ಸೊಟ್ಟ, ಹೆಗಲು ಇಳಿದಿದೆ, ಸುಳಿ ಕೆಟ್ಟದ್ದು, ಹಲ್ಲು ಸವೆದಿದೆ. ಇದ್ದರೂ ತೆಗೆಯಬೇಕು, ಇಲ್ಲದಿದ್ದರೂ ತೆಗೆಯಬೇಕು. ಮಾರುವವನು ಅದಕ್ಕೆ ತಕ್ಕ ಜವಾಬು ಕೊಡುತ್ತಾನೆ, ನಿಮ್ಮ ಕಣ್ಣಿಗೇ ಖೋಡಿ ಆಗೇದ, ಮುಂದಕ್ಕೆ ಹೋಗ್ರಿ ಎನ್ನುತ್ತಾನೆ. ಸುತ್ತಲಿನವರು ನಗುತ್ತಾರೆ. ಖೋಡಿ ತೆಗೆಯದೆ ಕೊಂಡರೆ ಮಾರಿದವನಿಗೇ ಬೇಜಾರು, ನನ್ನ ಎತ್ತನ್ನು ಇವನು ನೋಡಲೇ ಇಲ್ಲ ಅಂತ. ವ್ಯಾಪಾರ ಕುದುರಿದ ಮೇಲೆ ಕೊಂಡವನು ಎತ್ತಿನ ಬೆನ್ನ ಮೇಲೆ ಅಂಗೈ ಊರಿ, ಛಲೋ ಅದ, ಯಾವ ಖೋಡಿನೂ ಇಲ್ಲ ಎಂದು ಬಾಯಿತುಂಬ ಹೊಗಳುತ್ತಾನೆ. ಆಗ ಮಾರಿದವನ ಕಣ್ಣಲ್ಲಿ ನೀರು. ಅಲ್ಲಿಗೆ ಮುಗಿಯಿತು.

ಭಾವ ಕಾರನ್ನು ಸುತ್ತು ಹಾಕಿದರು. ಹಿಂದೆ ನಿಂತು ಬಗ್ಗಿ ನೋಡಿದರು. “ಹಿಂದಿನ ಭಾಗ ಇಳದದ, ಹೇಳು,” ಎಂದರು. ಹೇಳಿದೆ. “ಬಾಗಿಲಾ ಸರಿ ಕೂಡಂಗಿಲ್ಲ.” ಹೇಳಿದೆ. “ಬಣ್ಣ ಹೊಸಾದು, ಒಳಗ ತುಕ್ಕು ಮುಚ್ಯಾರ.” ಅದನ್ನೂ ಹೇಳಿದೆ, ಸ್ವಲ್ಪ ಮೆತ್ತಗೆ.

ಆರ್ಥರ್ ಎಂಜಿನ್ ಚಾಲೂ ಮಾಡಿದರು. ಶೆಡ್ಡಿನ ತುಂಬ ಗುಡುಗಿನಂಥ ಆದರೆ ಒಂದೇ ಸಮನಾದ ಸದ್ದು. ಭಾವ ಕಿವಿ ಹತ್ತಿರ ಇಟ್ಟು ಆಲಿಸಿದರು. ಅವರ ಕಣ್ಣು ತುಂಬಿತ್ತು, ಹೊಗೆಗೋ ಏನೋ. ನೆಟ್ಟಗೆ ನಿಂತು, “ಉಸಿರು ಸಮ ಇಲ್ಲ. ಒಳಗ ಏನೋ ಬಡೀಲಾಕತ್ತದ, ಹೇಳು,” ಎಂದರು.

ಆರ್ಥರ್ ಎಂಜಿನ್ ಆಫ್ ಮಾಡಿದರು. “ಬಡಿಯುತ್ತಿದೆಯೇ? ನನಗೆ ಕೇಳಿಸಿರಲಿಲ್ಲ,” ಎಂದರು. ಜವಾಬು ಬರುತ್ತದೆಂದು ಭಾವ ಕಾದರು. ಬರಲಿಲ್ಲ. ಆರ್ಥರ್ ಕೀಲಿ ಮುಂದೆ ಚಾಚಿ, ಒಂದು ಸುತ್ತು ಓಡಿಸಿ ನೋಡುವಿರಾ, ನಾನು ಬಾಜೂಕೆ ಕೂರುತ್ತೇನೆ ಎಂದರು.

“ಇವತ್ತ ಬ್ಯಾಡ. ನಾಳಿ ನೋಡೂಣು,” ಎಂದರು ಭಾವ. ಕೊಳ್ಳುವವನು ಮೊದಲ ದಿನವೇ ಹಗ್ಗ ಹಿಡಿದರೆ ಆಸೆ ತೋರಿಸಿದಂತಾಗುತ್ತದೆ.

ಕೋಣೆಗೆ ಹೋಗುವ ದಾರಿಯಲ್ಲಿ ಭಾವ ಬಹಳ ಖುಷಿಯಲ್ಲಿದ್ದರು. “ಮುದುಕ ಹಣ್ಣಾಗ್ಯಾನ, ಮಾಸ್ತರ. ಜವಾಬ ಕೊಡ್ಲಿಲ್ಲ ನೋಡಿದ್ಯಲ್ಲ. ನಾಳಿ ಮುಂಜಾನಿ ಕೈ ಹಿಡದು ವ್ಯಾಪಾರ ಮುಗಸ್ತೀನಿ. ಎಂಥಾ ಗಾಡಿ ಅದ, ಎಂಥಾ ಗಾಡಿ. ಒಂದ ಒಂದು ಖೋಡಿ ಇಲ್ಲ ಅದ್ರಾಗ.” ಆ ಸಂಜೆ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿಕೊಂಡು ಹೊಟ್ಟೆ ತುಂಬ ತಿಂದರು. ಅವರು ಹಾಗೆ ತಿಂದದ್ದನ್ನು ನೋಡಿ ಬಹಳ ದಿನಗಳಾಗಿದ್ದವು.

ಮರುದಿನ

ಬೆಳಿಗ್ಗೆ ಹೋದಾಗ ಶೆಡ್ಡಿನ ಬಾಗಿಲು ತೆರೆದೇ ಇತ್ತು. ಕಾರಿನ ಮೂತಿ ಖಾಲಿ. ಎಂಜಿನ್ ಹೊರಗೆ, ಮರದ ಮಂಚದಂಥ ಮೇಜಿನ ಮೇಲೆ, ಬಿಡಿ ಬಿಡಿಯಾಗಿ. ಆರ್ಥರರ ಕೈ ಮೊಣಕೈ ತನಕ ಕಪ್ಪು. ನೆರೆಮನೆಯವರೊಬ್ಬರು ಸಹಾಯಕ್ಕೆ ಬಂದಿದ್ದರಂತೆ. ರಾತ್ರಿ ನಿದ್ದೆ ಬರಲಿಲ್ಲ, ಎಂದರು ಆರ್ಥರ್.

“ಇನ್ನೂ ಏನೂ ಸಿಕ್ಕಿಲ್ಲ. ಆದರೆ ನಿಮ್ಮ ಭಾವನಿಗೆ ಕೇಳಿಸಿದೆ. ನನ್ನ ಕಣ್ಣು ಹೋಗಿದೆ, ಕಿವಿಯೂ ಹೋಗಿರಬೇಕು. ಎಲ್ಲ ಬಿಚ್ಚಿ ನೋಡುತ್ತೇನೆ. ಹಿಂದಿನ ಭಾಗ, ಬಾಗಿಲು, ತುಕ್ಕು, ಒಂದೊಂದಾಗಿ. ವಸಂತದಲ್ಲಿ ಬನ್ನಿ, ಏಪ್ರಿಲ್ ಹೊತ್ತಿಗೆ. ಅಷ್ಟರಲ್ಲಿ ಸರಿ ಮಾಡಿಡುತ್ತೇನೆ.”

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಭಾವ ಮೇಜಿನ ಹತ್ತಿರ ಹೋಗಿ ನಿಂತರು. ಆಮೇಲೆ ಕಾರಿನ ಮಡ್‌ಗಾರ್ಡಿನ ಮೇಲೆ ಅಂಗೈ ಊರಿದರು.

“ಹೇಳು ಇವ್ರಿಗಿ. ಭಾಳ ಛಲೋ ಗಾಡಿ ಅದ. ಹಿಂದ ಸರಿ ಅದ, ಬಾಗಿಲಾ ಸರಿ ಅದ, ತುಕ್ಕಿಲ್ಲ. ಒಳಗ ಏನೂ ಬಡ್ಯಾಂಗಿಲ್ಲ. ಇಂಥಾದ್ದು ನನ್ನ ಜಲ್ಮದಾಗ ನೋಡಿಲ್ಲ. ಯಾವ ಖೋಡಿನೂ ಇಲ್ಲಂತ ಹೇಳು.”

ಒಂದು ಅಕ್ಷರ ಬಿಡದೆ ಹೇಳಿದೆ. ಸಂತೆಯ ಪದ್ಧತಿಯನ್ನೂ ವಿವರಿಸಲು ಹೋದೆ. ಇಲ್ಲದ ದೋಷ ಹೇಳುವುದು ನಮ್ಮಲ್ಲಿ ಮರ್ಯಾದೆ ಎಂದು ಇಂಗ್ಲಿಷಿನಲ್ಲಿ ಹೇಳಿದಾಗ ನನಗೇ ಅದು ಸುಳ್ಳಿನಂತೆ ಕೇಳಿಸಿತು. ಆರ್ಥರ್ ಬಟ್ಟೆಯಿಂದ ಕೈ ಒರೆಸಿಕೊಂಡು, ಭಾವನ ಭುಜ ಮುಟ್ಟಿದರು.

“ನಿಮ್ಮ ಭಾವ ಬಹಳ ದೊಡ್ಡ ಮನಸ್ಸಿನವರು. ನನಗೆ ನೋವಾಗಬಾರದೆಂದು ಹೇಳುತ್ತಿದ್ದಾರೆ. ಆದರೆ ಅವರು ಹೆಂಡತಿಯನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು. ಹೀಗೆ ಕೊಟ್ಟರೆ ನನಗೆ ನೆಮ್ಮದಿಯಿಲ್ಲ.”

ಹಾಗೇ ಬಿಡಿಬಿಡಿಯಾಗಿ ಪೆಟ್ಟಿಗೆಗೆ ತುಂಬಿ ಕಳಿಸಿ, ನಮ್ಮಲ್ಲಿ ಜೋಡಿಸಿಕೊಳ್ಳುತ್ತೇವೆ ಎಂದೆ. ಆರ್ಥರ್ ಆಗದೆಂದು ತಲೆಯಾಡಿಸಿದರು. ಮತ್ತೆ ಮತ್ತೆ ಕೇಳಿದೆ. ಅಷ್ಟೇ ಸಲ ಸಾರಿ ಎಂದರು. ನನಗೆ ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಭಾವನನ್ನು ಬದಿಗೆ ಕರೆದೆ.

“ಖರೇ ಮಾತು ಹೇಳಿಬಿಡ್ತೀನ್ರಿ ಭಾವಾ. ಡಾಕ್ಟರ್ ಹೇಳಿದ್ದು ಹೇಳಿದ್ರ ಇವತ್ತೇ ಜೋಡಿಸಿ ಕೊಡ್ತಾರ.”

“ಸಾಯಾಂವ ಅದೀನಿ ಅಂತ ಹೇಳಿ ಎತ್ತು ಬಿಡಿಸ್ಕೊಂಡು ಹೋಗ್ಲೇನು? ಸುಮ್ನಿರು.” ಅವರಿಗೆ ಕೆಮ್ಮು ಬಂತು. ಮುಗಿದ ಮೇಲೆ, “ಯುಗಾದಿಗಿ ಬರ್ತೀವಿ ಅಂತ ಹೇಳು,” ಎಂದರು.

ಹೇಳಿದೆ. ಆರ್ಥರರ ಮುಖ ಅರಳಿತು. ನಮ್ಮನ್ನು ಕಳಿಸಲು ಮಳೆಯಲ್ಲಿ ಗೇಟಿನ ತನಕ ಬಂದರು. ಲಂಡನ್ನಿನಲ್ಲಿ ಒಂದು ದಿನ ಕೈಯಲ್ಲಿತ್ತು. ಅರಮನೆ ನೋಡೋಣವೇ ಎಂದೆ. ಬೇಡವೆಂದು ಗೋಡೆಯ ಕಡೆ ತಿರುಗಿ ಮಲಗಿದರು.

ತಾಂಡೂರು

ನಾವು ಮರಳುವ ಹೊತ್ತಿಗೆ ಬಂದ್ ಮೇಲೆ ಬಂದ್. ಬಸ್ಸಿಲ್ಲ, ಶಾಲೆಯಿಲ್ಲ, ತಾಂಡೂರಿನ ಕಲ್ಲಿನ ಮಷೀನುಗಳೂ ನಿಂತಿದ್ದವು. ಆ ಊರಿನ ಗಾಳಿ ಅಷ್ಟು ತಿಳಿಯಾಗಿದ್ದನ್ನು ನಾನು ಕಂಡಿರಲಿಲ್ಲ. ಭಾವ ಅಂಗಳದಲ್ಲಿ ಕುಳಿತು ಉಸಿರು ಎಳೆಯುತ್ತಿದ್ದರು. ಕಾರು ಏನಾಯಿತೆಂದು ಅಕ್ಕ ಕೇಳಿದರೆ, “ಯುಗಾದಿಗಿ ಬರ್ತದ. ನೀನೂ ನಾನೂ ಹೋಗೂಣು,” ಎನ್ನುತ್ತಿದ್ದರು. ಅಕ್ಕ ಆಗ ಒಂದು ಹೊಸ ಸೀರೆ ಮಡಿಚಿ ತೆಗೆದಿಟ್ಟಳು, ಗಾಳಿಗೆ ಸೆರಗು ಹಾರದ ದಪ್ಪ ಸೀರೆ. ಅದನ್ನು ನೋಡಿ ನಾನು ಹೊರಗೆ ಎದ್ದುಹೋದೆ.

ಶಿವರಾತ್ರಿಯ ಹಿಂದೆ ಮುಂದೆ ಭಾವ ಹೋದರು.

ಏಪ್ರಿಲಿನ ಒಂದು ಮಧ್ಯಾಹ್ನ ನಾನು ಅಕ್ಕನ ಮನೆಯಲ್ಲಿದ್ದಾಗ ಆರ್ಥರ್ ಫೋನು ಮಾಡಿದರು. ಅಕ್ಕ ಎದುರಿಗೆ ಕುಳಿತಿದ್ದಳು, ನಾನು ಸ್ಪೀಕರ್ ಹಾಕಿದೆ. ಅವರ ದನಿಯಲ್ಲಿ ಹುರುಪು.

“ಚಳಿಗಾಲವೆಲ್ಲ ಇದೇ ಕೆಲಸ. ಪ್ರತಿ ತುಣುಕನ್ನೂ ತೊಳೆದು ನೋಡಿ ಕೂರಿಸಿದ್ದೇನೆ. ನನ್ನ ಕಿವಿಯನ್ನು ನಂಬುವುದಿಲ್ಲ. ನಿಮ್ಮ ಭಾವ ಒಮ್ಮೆ ಕೇಳಿ ಹೇಳಲಿ, ಇನ್ನೂ ಬಡಿಯುತ್ತಿದೆಯೇ ಎಂದು. ಫೋನನ್ನು ಅವರ ಕಿವಿಗೆ ಹಿಡಿಯಿರಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಎಂಜಿನ್ ಚಾಲೂ ಮಾಡಿಬಿಟ್ಟಿದ್ದರು. ಅಕ್ಕನ ಮನೆಯ ಪಡಸಾಲೆಯ ತುಂಬ ಆ ಸದ್ದು, ಒಂದೇ ಸಮ. ಇದೇನೆಂದು ಅಕ್ಕ ಕಣ್ಣಲ್ಲೇ ಕೇಳಿದಳು.

“ಭಾವನ ಗಾಡಿ. ಖೋಡಿ ಅದ ಏನು ಕೇಳಿ ಹೇಳ್ರಿ ಅಂತ ಭಾವಗ ಕೇಳಾಕತ್ತಾರ.”

ಅಕ್ಕ ನನ್ನ ಕೈಯಿಂದ ಫೋನು ತೆಗೆದುಕೊಂಡು ಕಿವಿಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದಳು. ಆಮೇಲೆ ಗಟ್ಟಿಯಾಗಿ, ಕನ್ನಡದಲ್ಲೇ, “ಭಾಳ ಛಲೋ ಅದ್ರಿ. ಯಾವ ಖೋಡಿನೂ ಇಲ್ರಿ,” ಎಂದಳು.

ಎಂಜಿನ್ ನಿಂತಿತು. ಮಾತಾಡಿದ್ದು ಯಾರು ಎಂದರು ಆರ್ಥರ್. ಭಾವನ ಹೆಂಡತಿ ಎಂದೆ. ಏನೆಂದರು ಎಂದು ಕೇಳಿದರು. ಹೇಳಿದೆ. ಮತ್ತೆ ನಿಮ್ಮ ಭಾವ, ಅವರೆಲ್ಲಿ ಎಂದರು. ಅದನ್ನೂ ಹೇಳಬೇಕಾಯಿತು. ಕಾಯಿಲೆ ಯಾವುದು, ಯಾವಾಗಿನದು ಎಂದು ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ.

“ಹಾಗಿದ್ದರೆ ಅಂದೇ ಯಾಕೆ ಹೇಳಲಿಲ್ಲ?” ಎಂದರು. “ನನಗೆ ಯಾಕೆ ಹೇಳಲಿಲ್ಲ?”

“ಏನಂತಾರ?” ಎಂದಳು ಅಕ್ಕ.

“ಇಷ್ಟರಾಗೇ ಹೋಗ್ತೀನಿ ಅನ್ನೂದು ಭಾವಗ ಗೊತ್ತಿತ್ತು. ನನಗ್ಯಾಕ ಹೇಳ್ಲಿಲ್ಲ ಅಂತ ಕೇಳ್ತಾರ.”

ಅಕ್ಕ ನನ್ನ ಮುಖವನ್ನೇ ನೋಡಿದಳು. ಫೋನನ್ನು ಮೆಲ್ಲಗೆ ನನ್ನ ಕೈಗೆ ಹಿಂತಿರುಗಿಸಿದಳು.

“ನನಗೂ ಹೇಳಿದ್ದಿಲ್ಲ ಅನ್ನು,” ಎಂದಳು.